ಒಂದನೇ ನಂಬರಿನ ಡಬ್ಬಿ

ನಾನು ನಾಲ್ಕು ವರ್ಷ ಒಂದು ಆನ್‌ಲೈನ್ ವ್ಯಾಪಾರದ ಬಿಲ್ಲು ಮತ್ತು ರವಾನೆ ನೋಡಿಕೊಂಡೆ. ಆ ನಾಲ್ಕು ವರ್ಷಗಳಲ್ಲಿ ಒಂದು ಪಾರ್ಸೆಲ್ಲೂ ತಪ್ಪು ವಿಳಾಸಕ್ಕೆ ಹೋಗಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳಬಲ್ಲೆ. ಅದೇ ಕಾಲದಲ್ಲಿ ನನ್ನ ಒಡಹುಟ್ಟಿದ ಅಕ್ಕ, ನನಗಿದ್ದ ಒಬ್ಬಳೇ ಅಕ್ಕ, ಹೆಚ್ಚುಕಡಿಮೆ ಒಂದು ವರ್ಷ ನನ್ನನ್ನು ತಂಗಿಯೆಂದು ಕರೆಯಲಿಲ್ಲ ಎಂಬುದನ್ನು ಮಾತ್ರ ಅಷ್ಟು ಜೋರಾಗಿ ಹೇಳುವುದಿಲ್ಲ. ಎರಡಕ್ಕೂ ಕಾರಣ ಒಂದೇ: ನನ್ನ ಅಚ್ಚುಕಟ್ಟುತನ.

ನಾವಿದ್ದದ್ದು ನಾಸಿಕ್ ಹತ್ತಿರದ ಓಝರ್‌ನಲ್ಲಿ, ವಿಮಾನ ಕಾರ್ಖಾನೆಯ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ. ಯಜಮಾನರು ಅಲ್ಲಿ ಟೆಕ್ನಿಷಿಯನ್. ಸುತ್ತಲಿನ ಬ್ಲಾಕುಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿದ್ದವು. ಧಾರವಾಡದವರು, ಬೆಳಗಾವಿಯವರು, ನಮ್ಮಂಥ ಕಲಬುರಗಿ ಕಡೆಯವರು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದರು. ಬರುವಾಗ ಒಂದು ಟ್ರಂಕಿನಲ್ಲಿ ಸೀರೆ, ಒಂದು ಗೋಣಿಚೀಲದಲ್ಲಿ ಕಲ್ಲಿನ ಒರಳು ತಂದರು. ಸೀರೆಯ ಟ್ರಂಕು ಮಂಚದ ಕೆಳಗೆ ಹೋಯಿತು. ಒರಳು ಮಾತ್ರ ಬಾಲ್ಕನಿಯಲ್ಲಿ ಪ್ರತಿಷ್ಠಾಪನೆಯಾಯಿತು. ಅದರಲ್ಲಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಹಿಡಿದು ಬಟ್ಟಲು ತಂದವರಿಗೆಲ್ಲ ಅತ್ತೆ ಕೈತುಂಬ ಕೊಟ್ಟರು. ಹೀಗೆ ಬಟ್ಟಲು ತರುತ್ತಿದ್ದ ಒಬ್ಬರು ಕೆಲಸ ಬದಲಿಸಿ ಪುಣೆಗೆ ಹೋದರು. ಹೋದ ಮೇಲೂ ತಿಂಗಳಿಗೊಮ್ಮೆ ಫೋನ್ ಮಾಡಿ ಚಟ್ನಿ ಕೇಳತೊಡಗಿದಾಗ ನನಗೆ ಈ ವ್ಯಾಪಾರದ ಯೋಚನೆ ಬಂತು.

ನಾನು ಬಿ.ಕಾಂ. ಓದಿದವಳು. ಓದಿದ ಮೇಲೆ ಹತ್ತು ವರ್ಷ ನಾನು ಬರೆದ ಲೆಕ್ಕವೆಂದರೆ ಹಾಲಿನದು ಮತ್ತು ಇಸ್ತ್ರಿಯವನದು. ಅದರಲ್ಲೂ ಒಂದು ಪೈಸೆ ತಪ್ಪಿರಲಿಲ್ಲ ಎನ್ನುವುದು ಬೇರೆ ಮಾತು. ಈಗ ಯೋಜನೆ ಹಾಕಿದೆ. ತಿಂಗಳಿಗೊಂದು ಪೆಟ್ಟಿಗೆ. ಅದರಲ್ಲಿ ಮೂರು ಸ್ಟೀಲ್ ಡಬ್ಬಿ: ಒಂದರಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಅಗಸಿ ಚಟ್ನಿ, ಮೂರನೆಯದರಲ್ಲಿ ತಿಂಗಳಿಗೊಂದು ಹೊಸದು. ಜೊತೆಗೆ ಒಂದು ಕಟ್ಟು ಖಡಕ್ ರೊಟ್ಟಿ. ಗ್ರಾಹಕರು ಒಮ್ಮೆ ಹೆಸರು ಹಚ್ಚಿದರೆ ಸಾಕು, ಪ್ರತಿ ತಿಂಗಳೂ ಬಿಲ್ಲು ಹೋಗುತ್ತದೆ, ಹಣ ಬರುತ್ತದೆ, ಪೆಟ್ಟಿಗೆ ಹೊರಡುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ಒಂದು ಸಾಫ್ಟ್‌ವೇರನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡೆ. ಸಬ್‌ಸ್ಕ್ರಿಪ್ಷನ್ ಎಂದರೇನೆಂದು ಅತ್ತೆಗೆ ವಿವರಿಸಲು ಅರ್ಧ ಗಂಟೆ ಹಿಡಿಯಿತು.

ಎಲ್ಲ ಕೇಳಿದ ಮೇಲೆ ಅತ್ತೆ, "ಅಂದ್ರ ಹಾಲ್ ಹಚ್ಕೊಂಡಂಗ ಅನ್ನು. ಅದಕ್ಕ ಇಷ್ಟ್ ಮಾತ್ಯಾಕ?" ಅಂದರು.

ಮೊದಲ ಗ್ರಾಹಕಿ ಅಕ್ಕ. ಅಕ್ಕನ ಮನೆ ವಾಳೂಜ್‌ನಲ್ಲಿ, ಈಗ ಸಂಭಾಜಿನಗರ ಎನ್ನುವ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿನ ಅಂಚಿನ ಕಾರ್ಖಾನೆ ಬಡಾವಣೆಯಲ್ಲಿ. ಭಾವ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಸೂಪರ್‌ವೈಸರ್, ಅದೂ ಗುತ್ತಿಗೆಯ ಮೇಲೆ. ನಿನಗೆ ಸುಮ್ಮನೆ ಕಳಿಸುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ.

"ಪುಕ್ಕಟ್ಟ ಕೊಟ್ರ ಅದು ಧಂಧಾ ಆಗೂದಿಲ್ಲ. ನನ್ನ ಹೆಸರ್ ಎಲ್ಲಾರಕಿಂತ ಮೊದಲ್ ಬರಿ," ಅಂದಳು.

ಹಾಗೆ ಅವಳು ಒಂದನೇ ನಂಬರಿನ ಗ್ರಾಹಕಿಯಾದಳು. ನಮಗೆ ಅಣ್ಣತಮ್ಮಂದಿರಿರಲಿಲ್ಲ. ಅಪ್ಪ ಬೇಗ ಹೋದ, ಅವ್ವ ಹೋಗಿ ಎರಡು ವರ್ಷವಾಗಿತ್ತು, ಊರ ಮನೆಯನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟಿದ್ದೆವು. ತವರು ಎಂದು ಹೇಳಿಕೊಳ್ಳಲು ನನಗೆ ಅಕ್ಕ ಇದ್ದಳು, ಅಕ್ಕನಿಗೆ ನಾನಿದ್ದೆ, ಅಷ್ಟೇ.

ವ್ಯಾಪಾರ ಬೆಳೆಯಿತು. ಅಡುಗೆಮನೆಯ ಗೋಡೆಗೆ ನಾನೊಂದು ದೊಡ್ಡ ಚಾರ್ಟು ಹಚ್ಚಿದೆ. ಒಂದನೇ ತಾರೀಖು ಬಿಲ್ಲು. ಮೂರಕ್ಕೆ ಶೇಂಗಾ ಹುರಿಯುವುದು. ಐದರಿಂದ ಎಂಟರವರೆಗೆ ರೊಟ್ಟಿ. ಅದಕ್ಕೆ ಅಕ್ಕಪಕ್ಕದ ಇಬ್ಬರು ಹೆಂಗಸರು ಬರುತ್ತಿದ್ದರು. ಹತ್ತಕ್ಕೆ ಕಟ್ಟುವುದು, ಹನ್ನೊಂದಕ್ಕೆ ನಾಸಿಕ್‌ನಿಂದ ಕೊರಿಯರ್ ಗಾಡಿ. ಅಮಾವಾಸ್ಯೆಯ ದಿನ ಅತ್ತೆ ಒಲೆಗೆ ಬಾಣಲೆ ಏರಿಸುತ್ತಿರಲಿಲ್ಲವಾದ್ದರಿಂದ ಚಾರ್ಟಿನಲ್ಲಿ ಅದಕ್ಕೂ ಒಂದು ಕಪ್ಪು ಚುಕ್ಕೆಯ ಜಾಗ ಕೊಟ್ಟಿದ್ದೆ. ಚಂದ್ರನೊಬ್ಬನನ್ನು ಬಿಟ್ಟರೆ ಉಳಿದೆಲ್ಲವೂ ನನ್ನ ಹತೋಟಿಯಲ್ಲಿದ್ದವು. ಯಜಮಾನರು ಕಾರ್ಖಾನೆಯಿಂದ ಬಂದು ಚಾರ್ಟಿನ ಮುಂದೆ ನಿಂತು, ನಮ್ಮಲ್ಲಿ ವಿಮಾನ ಜೋಡಿಸುವವರಿಗೂ ಇಷ್ಟು ಕಾಗದ ಕೊಡುವುದಿಲ್ಲ ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ತೊಂದರೆ ಬಂದದ್ದು ಡಬ್ಬಿಗಳಿಂದ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಚಟ್ನಿ ಮುಗ್ಗು ವಾಸನೆ ಹೊಡೆಯುತ್ತದೆ ಎಂದು ಅತ್ತೆ ಹಟ ಹಿಡಿದದ್ದಕ್ಕೆ ಸ್ಟೀಲ್ ತಂದಿದ್ದೆವು. ಪ್ರತಿ ತಿಂಗಳು ಹೊಸ ಸ್ಟೀಲ್ ಕೊಟ್ಟರೆ ದಿವಾಳಿಯೇ. ಹೀಗಾಗಿ ಒಂದು ವ್ಯವಸ್ಥೆ ಮಾಡಿದೆ: ಹೊಸ ಪೆಟ್ಟಿಗೆ ಮುಟ್ಟಿಸಿದ ಕೊರಿಯರ್‌ನವನು ಹಳೆಯ ಮೂರು ಡಬ್ಬಿ ವಾಪಸ್ ತರಬೇಕು. ಪ್ರತಿ ಡಬ್ಬಿಗೂ ಗ್ರಾಹಕರ ನಂಬರ್ ಹಚ್ಚಿದ್ದೆ. ಖಾಲಿ ಡಬ್ಬಿಯ ತೂಕವನ್ನು ನಾನೇ ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ, ಅದರ ಮೇಲೆ ವಾಪಸಾತಿಯ ದರ ಮಾತಾಡಿಕೊಂಡಿದ್ದೆ.

ಮೊದಲ ಸಲ ವಾಪಸ್ ಬಂದ ಡಬ್ಬಿಗಳನ್ನು ಇಳಿಸುವಾಗ ಕೊರಿಯರ್‌ನವನು ಸೊಂಟ ಹಿಡಿದುಕೊಂಡ. ಯಾವುದೂ ಖಾಲಿ ಇರಲಿಲ್ಲ. ಪಿಂಪಳಗಾಂವ್ ಬಸವಂತ್‌ನಲ್ಲಿ ಈರುಳ್ಳಿ ವ್ಯಾಪಾರಕ್ಕೆ ನಿಂತ ಬೀದರ್‌ನ ಮನೆಯವರು ಮೂರೂ ಡಬ್ಬಿಯಲ್ಲಿ ಈರುಳ್ಳಿ ಒತ್ತಿ ಒತ್ತಿ ತುಂಬಿದ್ದರು. ನಾಸಿಕ್‌ನ ಒಬ್ಬರು ದ್ರಾಕ್ಷಿ ಕಳಿಸಿದ್ದರು; ಅದು ಹಣ್ಣಾಗಿ ಹೊರಟು ರಸವಾಗಿ ತಲುಪಿತು. ಪುಣೆಯವರದು ಶಂಕರಪಾಳಿ. ಮುಂಬೈಯವರೊಬ್ಬರು ಅಂಗಡಿಯ ಬಿಸ್ಕೀಟನ್ನೇ ಸಾಲಾಗಿ ಜೋಡಿಸಿದ್ದರು. ಅಕ್ಕನ ಡಬ್ಬಿಯಲ್ಲಿ ಒಂದು ಮೋಸಂಬಿ, ಒಂದು ಹಿಡಿ ಸಕ್ಕರೆ, ಮತ್ತೊಂದು ಚೀಟಿ: "ಅಗಸಿ ಚಟ್ನ್ಯಾಗ ಉಪ್ಪ ಜಾಸ್ತಿ ಆಗ್ಯಾದ. ನಿಮ್ಮ ಅತ್ತಿಗಿ ಹೇಳಬ್ಯಾಡ."

ನಮ್ಮಲ್ಲಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನನಗಿದು ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ನೆರೆಮನೆಯ ಡಬ್ಬಿ ಬೇರೆ, ದುಡ್ಡು ಕೊಟ್ಟು ಕೊಂಡ ಡಬ್ಬಿ ಬೇರೆ ಎಂದು ನಾನು ತಿಳಿದಿದ್ದೆ. ಗ್ರಾಹಕರಿಗೆ ಆ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಗಂತೂ ಪರಮಾನಂದ. ನೆಲದ ಮೇಲೆ ಕೂತು ಒಂದೊಂದೇ ಮುಚ್ಚಳ ತೆರೆದು, ಈ ಮನೆಯವರು ಒಳ್ಳೆಯವರು, ಇವರ ಸೊಸೆ ಜಾಣೆ ಎಂದು ಬಿಸ್ಕೀಟು ನೋಡಿಯೇ ಹೇಳಿಬಿಡುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ವಾಪಸಾತಿಯ ಬಿಲ್ಲು ಹೋಗುವ ಬಿಲ್ಲಿಗಿಂತ ಹೆಚ್ಚಾಯಿತು. ನಾವು ಚಟ್ನಿ ಮಾರುತ್ತಿದ್ದೇವೋ ಈರುಳ್ಳಿ ಕೊಳ್ಳುತ್ತಿದ್ದೇವೋ ತಿಳಿಯದಂತಾಯಿತು. ನಾನು ಕೂತು, ಎಲ್ಲ ಗ್ರಾಹಕರಿಗೂ ಹೋಗುವಂಥ ಒಂದು ಸುತ್ತೋಲೆ ಬರೆದೆ. "ಮಾನ್ಯ ಗ್ರಾಹಕರೇ, ದಯವಿಟ್ಟು ಡಬ್ಬಿಗಳನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಹಿಂದಿರುಗಿಸಬೇಕಾಗಿ ವಿನಂತಿ." ಖಾಲಿಯಾಗಿಯೇ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದೆ. ಓದಿ ಹೇಳಿದಾಗ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಖಾಲಿ ಡಬ್ಬಿ ಕಳಸ್ರಿ ಅಂತ ಬಾಯ್ಬಿಟ್ಟ್ ಕೇಳೀದಿ? ನಿನ್ನ ಕೈಯಾದ್ರೂ ಹ್ಯಾಂಗ ಬಂತ ಅದನ್ನ ಬರೀಲಾಕ?"

"ವ್ಯಾಪಾರ ಅಂದ್ರ ವ್ಯಾಪಾರ ರೀ ಅತ್ತಿ," ಅಂದೆ.

ಸುತ್ತೋಲೆಗೆ ಜನ ಗೌರವ ಕೊಟ್ಟರು, ಆದರೆ ತಮ್ಮ ರೀತಿಯಲ್ಲಿ. ಮುಂದಿನ ತಿಂಗಳು ಡಬ್ಬಿಗಳು ಹಗುರವಾಗಿ ಬಂದವು. ಒಂದರಲ್ಲಿ ಒಂದು ಲವಂಗ, ಒಂದರಲ್ಲಿ ಒಂದು ಅಡಿಕೆ, ಒಂದರಲ್ಲಿ ಎಂಟು ಕಾಳು ಸಕ್ಕರೆ. ಪಿಂಪಳಗಾಂವ್‌ನವರು ಬಹಳ ಸಂಕಟಪಟ್ಟು ಒಂದೇ ಒಂದು ಸಣ್ಣ ಈರುಳ್ಳಿ ಹಾಕಿದ್ದರು. ಅಕ್ಕ ಮಾತ್ರ ಮೊದಲಿನಂತೆಯೇ ಸಕ್ಕರೆ ಹಾಕಿ ಚೀಟಿ ಬರೆದಿದ್ದಳು: "ಖಾಲಿ ಕಳಸೂದು ನನಗ ಬರೂದಿಲ್ಲ. ಬೇಕಾದ್ರ ತೂಕದ ರೊಕ್ಕ ಹಚ್ಚು." ನನಗೆ ಸಿಟ್ಟು ಬಂತು. ಒಂದನೇ ನಂಬರಿನವಳೇ ನಿಯಮ ಪಾಲಿಸದಿದ್ದರೆ ಉಳಿದವರಿಗೆ ಯಾವ ಬಾಯಿಂದ ಹೇಳಲಿ?

ಅಷ್ಟರಲ್ಲಿ ಶ್ರಾವಣ ಹತ್ತಿರ ಬಂತು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರು ತವರಿಗೆ ಹೋಗುತ್ತಾರೆ, ಹೋಗಲಾಗದವರಿಗೆ ತವರಿನಿಂದ ಉಂಡಿ ಬರುತ್ತದೆ. ಅವ್ವ ಇರುವವರೆಗೆ ನಮ್ಮಿಬ್ಬರಿಗೂ ಪ್ರತಿ ವರ್ಷ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಉಂಡಿ. ಅವಳು ಹೋದ ಮೇಲೆ ಎರಡು ಪಂಚಮಿ ಯಾರೂ ಕಳಿಸಲಿಲ್ಲ; ಆ ಎರಡು ಹಬ್ಬದ ದಿನ ನಾನೂ ಅಕ್ಕನೂ ಫೋನಿನಲ್ಲಿ ಹಬ್ಬದ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದ್ದೆವು. ಈ ಸಲ ಪೆಟ್ಟಿಗೆಯ ಮೂರನೇ ಡಬ್ಬಿಗೆ ಉಂಡಿ ಎಂದು ತೀರ್ಮಾನಿಸಿದೆ. ಅಕ್ಕನಿಗೂ ಹೇಳಿದೆ.

"ಯಾವತ್ತ್ ಬರ್ತದ?" ಅಂದಳು.

"ಪಂಚಮಿಗಿ ಎರಡ್ ದಿನ ಮೊದಲ. ಚಾರ್ಟಿನ್ಯಾಗ ಬರದೀನಿ."

"ಹಂಗಾರ ಕಾಲೊನಿ ಮಂದಿಗೆಲ್ಲ ಹೇಳ್ತೀನಿ, ನಮ್ಮ ತವರಿಂದ ಉಂಡಿ ಬರ್ಲಾಕತ್ತಾವ ಅಂತ."

ಆ ತಿಂಗಳೇ ನಾನು ಸಾಫ್ಟ್‌ವೇರಿನಲ್ಲಿ ಹೊಸದೊಂದು ಸೌಲಭ್ಯ ಕಂಡುಹಿಡಿದಿದ್ದೆ. ಹಣ ಕಟ್ಟದವರಿಗೆ ತಾನಾಗಿಯೇ ಮೆಸೇಜ್ ಹೋಗುತ್ತದೆ, ಮೂರು ದಿನವಾದರೂ ಕಟ್ಟದಿದ್ದರೆ ಅವರ ಪೆಟ್ಟಿಗೆಯ ವಿಳಾಸದ ಚೀಟಿಯೇ ಛಾಪಾಗುವುದಿಲ್ಲ. ನಾನು ಯಾರಿಗೂ ಫೋನ್ ಮಾಡಿ ಮುಖ ಕೆಡಿಸಿಕೊಳ್ಳಬೇಕಾಗಿಲ್ಲ. ಮೆಸೇಜನ್ನು ಕನ್ನಡದಲ್ಲಿಯೇ ಬರೆದೆ, ವ್ಯಾಕರಣ ಎರಡು ಸಲ ನೋಡಿದೆ. "ಮಾನ್ಯ ಗ್ರಾಹಕರೇ, ನಿಮ್ಮ ಪಾವತಿ ಬಂದಿಲ್ಲ. ಪಾವತಿಯಾಗುವವರೆಗೆ ನಿಮ್ಮ ಪೆಟ್ಟಿಗೆಯನ್ನು ತಡೆಹಿಡಿಯಲಾಗಿದೆ." ಪಂಚಮಿಯ ಗಡಿಬಿಡಿಯಲ್ಲಿ ಚೀಟಿಗಳು ಒಂದರ ಹಿಂದೊಂದು ಹೊರಬಂದವು, ನಾನು ಅಂಟಿಸುತ್ತಾ ಹೋದೆ. ಕೊನೆಯಲ್ಲಿ ಪರದೆಯ ಮೇಲೆ "ತಡೆಹಿಡಿದವು: ನಾಲ್ಕು" ಎಂದು ಬಂತು. ಅಷ್ಟು ದೊಡ್ಡ ಪಟ್ಟಿಯಲ್ಲಿ ನಾಲ್ಕೇ ಜನ ಬಾಕಿ ಉಳಿದದ್ದಕ್ಕೆ ಖುಷಿಯಾಗಿ ಚಹಾ ಮಾಡಿಕೊಂಡು ಕುಡಿದೆ. ಆ ನಾಲ್ವರು ಯಾರೆಂದು ನೋಡಲಿಲ್ಲ.

ಹಬ್ಬ ಮುಗಿದು ವಾರವಾದ ಮೇಲೆ ಆ ನಾಲ್ವರ ಹಣವೂ ಬಂತು, ಪೆಟ್ಟಿಗೆಗಳು ತಾವಾಗಿಯೇ ಹೋದವು. ಮರುತಿಂಗಳು ವಾಪಸ್ ಬಂದ ಡಬ್ಬಿಗಳಲ್ಲಿ ಮೂರು ಥಳಥಳ ಹೊಳೆಯುತ್ತಿದ್ದವು. ಮುಚ್ಚಳ ತೆರೆದೆ. ಖಾಲಿ. ಲವಂಗವಿಲ್ಲ, ಸಕ್ಕರೆಯಿಲ್ಲ, ಚೀಟಿಯೂ ಇಲ್ಲ. ನಂಬರ್ ನೋಡಿದರೆ ಒಂದು. ಕೊನೆಗೂ ಅಕ್ಕನಿಗೆ ಬುದ್ಧಿ ಬಂತಲ್ಲ ಎಂದುಕೊಂಡು ಕಂಪ್ಯೂಟರಿನಲ್ಲಿ ಅವಳ ಸಾಲಿಗೆ ಹಸಿರು ಬಣ್ಣ ಹಚ್ಚಿದೆ. ಇಡೀ ಪಟ್ಟಿಯಲ್ಲಿ ಅದೊಂದೇ ಹಸಿರು ಸಾಲು. ಅತ್ತೆಗೆ ತೋರಿಸಿ, ನೋಡಿ, ಎಲ್ಲರೂ ಹೀಗೆ ಮಾಡಿದರೆ ಎಷ್ಟು ಚೆನ್ನ ಎಂದೆ.

ಅತ್ತೆ ಡಬ್ಬಿಯೊಳಗೆ ಕೈ ಹಾಕಿ ತಳ ಮುಟ್ಟಿ ನೋಡಿದರು. "ಖಾಲಿ ಡಬ್ಬಿ ಎರಡೇ ಮನಿಯಿಂದ ಬರ್ತಾವ, ಯವ್ವಾ. ಸಾವಾದ ಮನಿಯಿಂದ, ಇಲ್ಲಾಂದ್ರ ಜಗಳಾದ ಮನಿಯಿಂದ. ಮೊದಲ್ ಫೋನ್ ಹಚ್ಚು."

ಹಚ್ಚಿದೆ. ಅಕ್ಕ ಎತ್ತಿದಳು. "ಹೇಳ್ರಿ," ಅಂದಳು.

ನಾನು ಹುಟ್ಟಿದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ತಲೆ ಬಾಚುವಾಗ ಬೆನ್ನಿಗೆ ಗುದ್ದಿದವಳು, ನೀನು ಎಂದು ಕರೆಯುವುದು ಬಿಟ್ಟು ಬೇರೆ ಗೊತ್ತಿಲ್ಲದವಳು. ನಾನು ತಮಾಷೆಯೆಂದುಕೊಂಡೆ. "ಯಾಕ ಅಕ್ಕ, ಆರಾಮ್ ಅದೀ?" ಎಂದೆ.

"ಆರಾಮ್ ಅದೀವ್ರಿ. ಡಬ್ಬಿ ಮುಟ್ಟಿದ್ವೇನ್ರಿ? ತೊಳದ್, ಒರಿಸಿ ಕಳಸೀವಿ. ರೊಕ್ಕಾನೂ ಒಂದನೇ ತಾರೀಖಿಗೇ ಬಂದಿರಬೇಕ್ ನೋಡ್ರಿ." ಅಷ್ಟು ಹೇಳಿ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟಳು.

ಆಮೇಲೆ ಪ್ರತಿ ತಿಂಗಳೂ ಹೀಗೆಯೇ. ಒಂದನೇ ತಾರೀಖು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳ ಹಣ ಬರುತ್ತಿತ್ತು. ಡಬ್ಬಿಗಳು ಕನ್ನಡಿಯಂತೆ ಹೊಳೆಯುತ್ತಾ ಖಾಲಿ ಬರುತ್ತಿದ್ದವು. ಫೋನ್ ಮಾಡಿದರೆ "ಹೇಳ್ರಿ". ಎಂಥ ಗ್ರಾಹಕಿ! ನಾನು ಕನಸಿನಲ್ಲಿ ಕಂಡಿದ್ದ ಗ್ರಾಹಕಿ ಅವಳೇ, ಮತ್ತು ಅವಳ ಡಬ್ಬಿ ತೆರೆಯಲು ನನಗೆ ಹೆದರಿಕೆಯಾಗತೊಡಗಿತ್ತು.

ವಿಷಯ ತಿಳಿದದ್ದು ದೀಪಾವಳಿಯ ಹೊತ್ತಿಗೆ. ಫೋನನ್ನು ಅಕ್ಕನ ಮಗಳು ಎತ್ತಿದಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತದೆ.

"ಮೌಶಿ, ಮಮ್ಮಿಗೆ ನಿಮ್ಮ ಮ್ಯಾಲ ರಾಗ್ ಅದ, ಸಿಟ್ಟ್ ಅದ. ಪಂಚಮಿ ದಿನಾ ಆಕಿ ಬಾಗಲದಾಗೇ ಕೂತಿದ್ಲು. ಕೊರಿಯರ್‌ವಾಲಾ ಆಲಾಚ್ ನಾಹೀ, ಬರಲೇ ಇಲ್ಲ. ಬಾಜೂ ಆಂಟಿಗೋಳು ಬಂದು, ಉಂಡಿ ಕುಠೇ, ಉಂಡಿ ಎಲ್ಲಿ ಅಂತ ಕೇಳಿದ್ರು. ಆಮ್ಯಾಲ ಮಮ್ಮಿ ಅಂಗಡಿಯಿಂದ ಲಾಡು ತಂದ್ ಕೊಟ್ಲು."

ನಾನು ಕಂಪ್ಯೂಟರ್ ತೆರೆದು ಶ್ರಾವಣದ ಪಟ್ಟಿ ನೋಡಿದೆ. ತಡೆಹಿಡಿದ ನಾಲ್ಕರಲ್ಲಿ ಮೊದಲನೆಯದು ಒಂದನೇ ನಂಬರ್. ಕೊರಿಯರ್‌ನವನು ಬರದೇ ಇದ್ದದ್ದಲ್ಲ, ನಾನೇ ಕಳಿಸದೇ ಇದ್ದದ್ದು. ಅವಳಿಗೆ ಮೆಸೇಜ್ ಹೋದ ದಿನಾಂಕ, ಹೋದ ಸಮಯ, ಅವಳು ಅದನ್ನು ತೆರೆದ ಸಮಯ ಎಲ್ಲವನ್ನೂ ಸಾಫ್ಟ್‌ವೇರ್ ಬರೆದಿಟ್ಟಿತ್ತು. ಅಂಥ ಅಚ್ಚುಕಟ್ಟು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ನಾನು ಊರೆಲ್ಲರ ತವರಿನ ಉಂಡಿಯನ್ನು ವೇಳೆಗೆ ಸರಿಯಾಗಿ ಮುಟ್ಟಿಸಿದ್ದೆ.

ಅಂದೇ ಹೊರಟು ಹೋಗಬೇಕಿತ್ತು. ಹೋಗಲಿಲ್ಲ. ತಪ್ಪು ನನ್ನದೆಂದು ಗೊತ್ತಾದಷ್ಟೂ ನನ್ನ ಸಿಟ್ಟು ಹೆಚ್ಚಾಗುತ್ತದೆ, ಇದು ನನ್ನ ಹುಟ್ಟುಗುಣ. ಹಣ ಕಟ್ಟಲಾಗದಿದ್ದರೆ ಒಂದು ಮಾತು ಹೇಳಬಾರದಿತ್ತೇ? ನನಗೇನು ಕನಸು ಬೀಳುತ್ತದೆಯೇ? ಹೀಗೆ ಎರಡು ತಿಂಗಳು ಮನಸ್ಸಿನಲ್ಲೇ ಅವಳೊಡನೆ ವಾದ ಮಾಡಿ ಗೆದ್ದೆ. ಆಮೇಲೆ ಒಂದು ತಿಂಗಳ ಹಣವನ್ನು ಅವಳ ಖಾತೆಗೆ ವಾಪಸ್ ಹಾಕಿದೆ. ಮರುದಿನವೇ ಅದು ತಿರುಗಿ ಬಂತು. ಇನ್ನೊಂದು ಪೆಟ್ಟಿಗೆ ಹೆಚ್ಚಿಗೆ ಕಳಿಸಿದೆ. ಅದನ್ನು ತೆಗೆದುಕೊಳ್ಳದೆ ಕೊರಿಯರ್‌ನವನಿಗೆ ಮರಳಿಸಿದಳು. ಇದರ ನಡುವೆ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಅವಳನ್ನು ವರ್ಷದ ಉತ್ತಮ ಗ್ರಾಹಕಿ ಎಂದು ಆರಿಸಿ, ಅಭಿನಂದನೆ ಹೇಳಿ, ಹತ್ತು ಪರ್ಸೆಂಟ್ ರಿಯಾಯಿತಿ ಕಳಿಸಿತು. ಆ ಮೆಸೇಜು ಹೋದದ್ದನ್ನು ನೋಡಿ ನಾನು ತಲೆ ಚಚ್ಚಿಕೊಂಡೆ.

"ಕಾಗದಾ ಕಳಸೂದ್ರಾಗೇ ಮುರದದ್ದನ್ನ ಮತ್ತ ಕಾಗದಾ ಕಳಸಿ ಹಚ್ಚಲಾಕ ಹೊಂಟೀದಿ," ಎಂದರು ಅತ್ತೆ. "ಕಾಲಿಲ್ಲೇನ್ ನಿನಗ?"

ಮುಂದಿನ ಪಂಚಮಿ ಬಂತು. ಉಂಡಿಯನ್ನು ಈ ಸಲ ಅತ್ತೆಯ ಕೈಯಲ್ಲಿ ಮಾಡಿಸದೆ ನಾನೇ ಕಟ್ಟಿದೆ. ಹಬ್ಬಕ್ಕೆ ಎರಡು ದಿನ ಮೊದಲು, ಎಲ್ಲ ಪೆಟ್ಟಿಗೆ ಹೊರಡಬೇಕಾದ ದಿನವೇ, ಒಂದನೇ ನಂಬರಿನ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ನಾಸಿಕ್‌ಗೆ ಹೋಗಿ ಎಸ್.ಟಿ. ಬಸ್ಸು ಹತ್ತಿದೆ. ಉಳಿದ ಪೆಟ್ಟಿಗೆಗಳು ಒಂದು ದಿನ ಮನೆಯಲ್ಲೇ ಕೂತವು. ನಾಲ್ಕು ವರ್ಷಗಳಲ್ಲಿ ನಾನು ತಡಮಾಡಿದ್ದು ಅದೊಂದೇ ಸಲ. ಗ್ರಾಹಕರಿಗೆಲ್ಲ "ತಾಂತ್ರಿಕ ಕಾರಣದಿಂದ" ಎಂದು ಮೆಸೇಜ್ ಹಾಕಿದ್ದೆ. ಯೇವಲಾ, ವೈಜಾಪುರ, ಗಂಗಾಪುರ ದಾಟುವವರೆಗೂ ಅಕ್ಕನಿಗೆ ಹೇಳಬೇಕಾದ ಮಾತನ್ನು ಒಂದು, ಎರಡು, ಮೂರು ಎಂದು ಸಾಲು ಹಿಡಿದು ಜೋಡಿಸಿಕೊಂಡೆ.

ಬಾಗಿಲು ತೆರೆದದ್ದು ಅಕ್ಕನೇ. ತೆಳ್ಳಗಾಗಿದ್ದಳು. ನನ್ನನ್ನು ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು.

"ಸಹಿ ಎಲ್ಲಿ ಮಾಡ್ಬೇಕ್ರಿ?" ಅಂದಳು.

ಜೋಡಿಸಿಕೊಂಡಿದ್ದ ಮೂರೂ ಮಾತು ಮರೆತುಹೋದವು. ಒಳಗೆ ಹೋಗಿ ನೆಲದ ಮೇಲೆ ಕೂತೆ. ಅಕ್ಕ ನೀರು ಕೊಟ್ಟು, ಎದುರಿಗೆ ಕೂತು ಮುಚ್ಚಳ ತೆರೆದಳು. ಒಂದು ಎಳ್ಳುಂಡಿ ಮುರಿದು ಬಾಯಿಗೆ ಹಾಕಿಕೊಂಡಳು.

"ಅವ್ವ ಎಳ್ಳುಂಡಿಗಿ ಯಾಲಕ್ಕಿ ಹಾಕ್ತಿದ್ದಿಲ್ಲ."

"ನಾ ಮಾಡೀನಿ ಇವು," ಎಂದೆ.

"ಗೊತ್ತಾಗ್ತದ."

ಅಷ್ಟರಲ್ಲಿ ನನಗೆ ಧೈರ್ಯ ಬಂತು. ಕುಣಿಯಲಾರದವಳಿಗೆ ನೆಲ ಡೊಂಕು. "ಹೋದ್ ಸರ್ತಿ ತಡದದ್ದು ನಾ ಅಲ್ಲ ಅಕ್ಕ, ಸಿಸ್ಟಮ್ಮು. ಅದಕ್ಕ ಯಾರ್ ಏನಾಗ್ಬೇಕು ಅಂತ ತಿಳಿಯೂದಿಲ್ಲ," ಎಂದೆ.

"ಸಿಸ್ಟಮ್ಮಿಗಿ ಅಕ್ಕ ಇಲ್ಲ. ನಿನಗ ಇದ್ಲು." ಅವಳು ದನಿ ಏರಿಸಲಿಲ್ಲ. ಉಂಡಿಯ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದಳು: "ಆವಾಗ ಕಂಪನ್ಯಾಗ ಕೆಲಸಾ ಇದ್ದಿಲ್ಲ. ಎರಡ್ ತಿಂಗಳ ನಿಮ್ಮ ಭಾವ ಮನ್ಯಾಗೇ ಇದ್ರು. ಸಾಲಿ ಫೀಸ್ ಬಾಕಿ, ಕಿರಾಣಿ ಬಾಕಿ. ಕಿರಾಣಿ ಅಂಗಡಿ ಮರಾಠಿ ಮುದುಕ ಒಂದ್ ಮಾತ್ ಕೇಳ್ಲಿಲ್ಲ, ಎಲ್ಲಾ ಕೊಟ್ಟ. ಯಾರೂ ನನಗ ಪಾವತಿ ಬಂದಿಲ್ಲ ಅಂತ ಬರೀಲಿಲ್ಲ. ನನ್ನ ತಂಗಿ ಬರದ್ಲು. ಅದೂ ಕನ್ನಡದಾಗ."

ನನಗೆ ಬಹಳ ನಾಚಿಕೆಯಾಯಿತು. ಅಳು ಬಂತೆಂದೂ ಹೇಳುತ್ತೇನೆ, ಮುಚ್ಚಿಡುವುದೇನಿದೆ. "ತಪ್ಪಾಯ್ತ್ ಅಕ್ಕ," ಎಂದೆ. ಆ ಎರಡು ಮಾತಿಗೆ ನಾನು ಹನ್ನೊಂದು ತಿಂಗಳು ತೆಗೆದುಕೊಂಡಿದ್ದೆ. ಅವಳು ಎದ್ದು ಅಡುಗೆಗೆ ಇಟ್ಟಳು. ಊಟಕ್ಕೆ ಬಡಿಸುವಾಗ ತಟ್ಟೆಗೆ ತುಪ್ಪ ಸುರಿದು, "ಉಣ್ಣು, ಮಾರಿ ಬಾಡ್ಯಾದ," ಅಂದಳು. ರೀ ಬಿಟ್ಟಿದ್ದಳು.

ಮಧ್ಯಾಹ್ನ ಹೊರಡುವಾಗ ಡಬ್ಬಿ ತೊಳೆದು ಬೋರಲು ಹಾಕಿದ್ದು ಕಾಣಿಸಿತು. ಅಭ್ಯಾಸಬಲ, ತೆಗೆದುಕೊಳ್ಳಲು ಕೈ ಚಾಚಿದೆ. ಅಕ್ಕ ಅದರ ಮೇಲೆ ಕೈ ಇಟ್ಟಳು.

"ಇರ್ಲಿ ಬಿಡು. ತುಂಬಲಾಕ ಇವತ್ತ ಮನ್ಯಾಗ ಏನೂ ಇಲ್ಲ. ತುಂಬಿದ್ ದಿನಾ ಕೊಡ್ತೀನಿ."

ಸಕ್ಕರೆಯ ಡಬ್ಬಿ ಗ್ಯಾಸ್ ಕಟ್ಟೆಯ ಮೇಲೆ, ಕಂಠದವರೆಗೆ ತುಂಬಿ ಕೂತಿತ್ತು. ನಾನೂ ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಖಾಲಿ ಡಬ್ಬಿ ಕೊಟ್ಟರೆ ಕೊಟ್ಟು ತೆಗೆದುಕೊಳ್ಳುವುದು ಅಲ್ಲಿಗೆ ಮುಗಿಯಿತು. ಇಟ್ಟುಕೊಂಡರೆ ಇನ್ನೂ ಬಾಕಿಯಿದೆ ಎಂದು ಅರ್ಥ. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ, ಕಿಟಕಿಯ ಪಕ್ಕ ಕೂತು ಯೇವಲಾದವರೆಗೆ ಅಳುತ್ತಲೇ ಬಂದೆ.

ಮುಂದಿನ ಒಂದನೇ ತಾರೀಖಿಗೆ ಸಾಫ್ಟ್‌ವೇರ್ ತನ್ನ ಕೆಲಸ ತಾನು ಮಾಡಿತು. "ಮಾನ್ಯ ಗ್ರಾಹಕರೇ, ನಿಮ್ಮಿಂದ ಒಂದು ಡಬ್ಬಿ ಬರುವುದು ಬಾಕಿಯಿದೆ." ಅದು ಅಕ್ಕನಿಗೆ ಹೋದದ್ದು ಆಮೇಲೆ ತಿಳಿಯಿತು. ಓಡಿಬಂದು ಫೋನ್ ಹುಡುಕುವುದರೊಳಗೆ ಅದೇ ಬಡಿದುಕೊಂಡಿತು.

"ಮೇಡಮ್ಮಾರ, ಡಬ್ಬಿ ಇನ್ನಾ ತುಂಬಿಲ್ರಿ," ಅಂದಳು ಅಕ್ಕ. ದನಿಯಲ್ಲಿ ನಗು ಇತ್ತು. ಆಮೇಲೆ ಒಂದು ಗಂಟೆ ಮಾತಾಡಿದೆವು. ಮರುತಿಂಗಳೂ ಮೆಸೇಜ್ ಹೋಯಿತು, ಮರುತಿಂಗಳೂ ಫೋನ್ ಬಂತು. ನಾವಿಬ್ಬರೂ ಕಾರಣವಿಲ್ಲದೆ ಫೋನ್ ಮಾಡುವ ಜಾತಿಯವರಲ್ಲ.

ಅತ್ತೆಯ ಮುಂಗೈ ನೋವು ಹೆಚ್ಚಾಗಿ ಕುಟ್ಟಲಾಗದಂತಾದಾಗ ವ್ಯಾಪಾರ ನಿಲ್ಲಿಸಿದೆವು. ಗ್ರಾಹಕರಿಗೆ ವಂದನೆ ಹೇಳಿ ಕೊನೆಯ ಸುತ್ತೋಲೆ ಕಳಿಸಿದೆ. ಒಂದನ್ನು ಬಿಟ್ಟು ಡಬ್ಬಿಗಳೆಲ್ಲ ವಾಪಸ್ ಬಂದವು, ಪಿಂಪಳಗಾಂವ್‌ನವರದು ಬಾಯಿತುಂಬ ಈರುಳ್ಳಿಯೊಂದಿಗೆ. ಆ ಸಲ ತೂಕ ನೋಡಲಿಲ್ಲ. ಚಾರ್ಟು ಗೋಡೆಯಿಂದ ಇಳಿಯಿತು, ಒರಳಿನಲ್ಲಿ ತುಳಸಿ ಬಂತು.

ಹೋದ ತಿಂಗಳು ಯಜಮಾನರು ಬ್ಯಾಂಕಿನ ಕಾಗದ ನೋಡುತ್ತಾ ಕೂತವರು ತಲೆ ಎತ್ತಿದರು. "ಬಂದ್ ಮಾಡಿದ್ ಧಂಧಾದ ಸಾಫ್ಟ್‌ವೇರಿಗಿ ಇನ್ನಾ ಯಾಕ ತಿಂಗಳಾ ರೊಕ್ಕ ಹೊಂಟದ?"

"ಒಬ್ಬರದು ಡಬ್ಬಿ ಬಾಕಿ ಅದ ರೀ," ಎಂದೆ.

"ವಸೂಲ್ ಆಗ್ತದೇನು?"

"ಆಗಬಾರ್ದು," ಎಂದೆ.

ಅವರು ಬ್ಯಾಂಕಿನ ಕಾಗದ ಮಡಚಿಟ್ಟರು. ಒಂದನೇ ತಾರೀಖಿಗೆ ಇನ್ನೂ ನಾಲ್ಕು ದಿನ ಇತ್ತು.